ಅರ್ಧ ಹೆಣೆದ ತಲೆ

ಎಣ್ಣೆ ಜಾಸ್ತಿಯಾಯಿತು, ಬೈತಲೆ ಹೊಳೆಯುತ್ತಿದೆ, ಹಣೆಯಿಂದ ಕತ್ತಿನವರೆಗೆ ನೇರ ಗೆರೆ — ತಲೆ ಅಲ್ಲಾಡಿಸ್ಬೇಡ ಷರ್ಮೀನ್, ಪುಟ್ಟವಳಿದ್ದಾಗಲೂ ಇದೇ ಮಾತು, ಇದೇ ಮೆಟ್ಟಿಲು, ನನ್ನ ಮೊಣಕಾಲುಗಳ ನಡುವೆ ಇದೇ ತಲೆ, ಇವಳಮ್ಮ ಮರ್ಲ್ ಬ್ರೂಕ್ಲಿನ್‌ಗೆ ಹೋಗುವಾಗ ಬೇಗ ಕರೆಸಿಕೊಳ್ಳುತ್ತೇನೆ ಎಂದಿದ್ದಳಂತೆ, ಗಂಡನನ್ನೂ ಕರೆಸಲಿಲ್ಲ, ಮಗಳನ್ನೂ ಕರೆಸಲಿಲ್ಲ, ಆ ಗಂಡ ಓಸ್ಬರ್ಟ್ ಒಂದು ದಿನ ಮೀನಿನ ಬುಟ್ಟಿ ಇಳಿಸಿ ಮಗುವನ್ನು ನನ್ನ ಬಾಗಿಲಲ್ಲಿ ನಿಲ್ಲಿಸಿ, ಇವಳ ಕೂದಲು ಬಾಚೋಕೆ ನಂಗೆ ಬರಲ್ಲ ಯೂಲಿನ್ ಅಂದ, ಮದುವೆಯ ಪ್ರಸ್ತಾಪ ಅಂತ ನನಗೆ ಬಂದದ್ದು ಅದೊಂದೇ, ಬಾಚಲು ಹೋದವಳು ಅವನ ಮನೆಯಲ್ಲೇ ಉಳಿದೆ, ಅವನು ಸತ್ತಾಗ ಕಣ್ಣು ಮುಚ್ಚಿದ್ದೂ ಈ ಕೈಯೇ. ಒಳಗೆ ರೇಡಿಯೋ, ವಾರ್ತೆ ಮುಗಿಯುತ್ತಾ ಬಂತು, ಇನ್ನು ಸಾವಿನ ಪ್ರಕಟಣೆ, ಗ್ರೆನಡಾದ ಹೆಂಗಸರೆಲ್ಲ ಸೌಟು ಕೆಳಗಿಟ್ಟು ಕೇಳುವ ಹೊತ್ತು, ಸತ್ತವರು ಯಾರ್ಯಾರನ್ನು ಅಗಲಿದರು ಅಂತ ಓದುವಾಗ ಯಾರ ಹೆಸರು ಮೊದಲು, ಯಾರದು ಕೊನೆಗೆ, ಯಾರದು ಇಲ್ಲವೇ ಇಲ್ಲ, ಸಂಜೆವರೆಗೆ ಮೀನುಪೇಟೆಯಲ್ಲಿ ಅದೇ ಮಾತು. ಮೊನ್ನೆ ಇವಳೇ ಕೇಳಿದಳು, ಟ್ಯಾಂಟೀ, ಚಿಕ್ಕಮ್ಮ ಅನ್ನೋದಕ್ಕೆ ಇಲ್ಲಿ ಹಾಗನ್ನುತ್ತಾರೆ, ನಿನ್ನ ಪೂರ್ತಿ ಹೆಸರೇನು, ರೇಡಿಯೋದವರಿಗೆ ಕೊಡ್ಬೇಕು, ಯೂಲಿನ್ ಫ್ಲೋರೆಟ್ ಚಾರ್ಲ್ಸ್ ಎಂದೆ, ಹೇಳುವಾಗ ಈ ವಯಸ್ಸಿನಲ್ಲಿ ನಾಚಿಕೆಯಾಯಿತು, ಮದುವಣಗಿತ್ತಿಯ ಹಾಗೆ. ಕಪ್ಪು ಉಡುಪು ಇಸ್ತ್ರಿಯಾಗಿ ಬಾಗಿಲ ಹಿಂದೆ ತೂಗುತ್ತಿದೆ, ಅವನ ಮಣ್ಣಿನ ದಿನ ಚರ್ಚಿನಲ್ಲಿ ಮನೆಯವರು ಕೂರುವ ಮುಂದಿನ ಬೆಂಚಿಗೆ.

ರೇಡಿಯೋದ ದನಿ, ಗೂಯಾವ್ ಊರಿನ ಮೀನುಗಾರ ಓಸ್ಬರ್ಟ್ ನೋಯೆಲ್ ನಿಧನರಾಗಿದ್ದಾರೆ — ಅವನ ಹೆಸರು ಪರರ ಬಾಯಲ್ಲಿ ಎಷ್ಟು ದೊಡ್ಡದು — ಮೃತರು ಪ್ರೀತಿಯ ಪತ್ನಿ, ನನ್ನ ಬೆರಳು ನಿಂತಿತು, ಬ್ರೂಕ್ಲಿನ್‌ನ ಮರ್ಲ್ ನೋಯೆಲ್, ಸರಿ, ಕಾನೂನಿಗೆ ಅವಳೇ, ಒಪ್ಪಿದೆ, ಮಗಳು ಷರ್ಮೀನ್, ತಮ್ಮಂದಿರು, ದೋಣಿಯ ಜೊತೆಗಾರರು, ಪಕ್ಕದ ಮನೆಯ ಓಡೆಟ್, ಓಡೆಟ್ ಹೆಸರೂ ಬಂತು, ಇವಳ ಕತ್ತು ಯಾಕೆ ಬಿಗಿಯಾಯಿತು, ಬೈತಲೆಯಲ್ಲಿ ಬೆವರು, ನನ್ನ ಕಿವಿಗಿಂತ ಮೊದಲು ಇವಳ ಕತ್ತಿಗೆ ಗೊತ್ತಿತ್ತು — ಹಾಗೂ ಮನೆಗೆಲಸಕ್ಕೆ ನೆರವಾಗುತ್ತಿದ್ದ ಯೂಲಿನ್ ಚಾರ್ಲ್ಸ್ ಅವರನ್ನು ಅಗಲಿದ್ದಾರೆ. ಮನೆಗೆಲಸ. ಅವನು ಕೆಮ್ಮಿದರೆ ನಿದ್ದೆಯಲ್ಲೇ ನನ್ನ ಕೈ ಅವನ ಬೆನ್ನಿಗೆ ಹೋಗುತ್ತಿದ್ದದ್ದು, ಇವಳು ಮೊದಲ ಸಲ ಮುಟ್ಟಾಗಿ ಸಾಯ್ತೀನೇನೋ ಅಂತ ಅತ್ತಾಗ ತಬ್ಬಿ ಕೂತದ್ದು, ಎಲ್ಲ ಮನೆಗೆಲಸ. ಅಮ್ಮ ನಾಳೆ ಬರ್ತಾಳೆ ಟ್ಯಾಂಟೀ, ಊರೋರ ಮುಂದೆ ಅವಳಿಗೆ ಮುಜುಗರ ಆಗ್ಬಾರ್ದು ಅಂತ, ನೀನು ಅರ್ಥ ಮಾಡ್ಕೋತೀಯ ಅಂದ್ಕೊಂಡೆ, ಯಾವಾಗ್ಲೂ ಮಾಡ್ಕೋತೀಯಲ್ಲ, ತಿರುಗದೆ ಹೇಳುತ್ತಿದ್ದಾಳೆ, ಮರ್ಲ್ ಹೀಗೆ ಬರೆಸಿದ್ದರೆ ಬಾಯಿಗೆ ಬಂದಂತೆ ಬೈದು ಹಗುರಾಗುತ್ತಿದ್ದೆ, ಬರೆದವಳು ಇವಳು, ಹೆಸರು ಕೇಳಿಕೊಂಡು ಹೋಗಿ ಬರೆದವಳು, ಈ ತಲೆಯಲ್ಲಿ ನನ್ನ ಬೆರಳು ಓಡಾಡದ ಜಾಗವಿಲ್ಲ, ಅದರೊಳಗೆ ಇದಿತ್ತೆಂದು ಬೆರಳಿಗೆ ತಿಳಿಯಲಿಲ್ಲ. ಮಣ್ಣಿನ ದಿನ ಮುಂದಿನ ಬೆಂಚಿನಲ್ಲಿ ನಾನು ಹೆಣೆದ ತಲೆ ಮರ್ಲ್‌ಳ ಭುಜಕ್ಕೆ ಒರಗುತ್ತದೆ, ಹಿಂದಿನ ಸಾಲಿನಿಂದ ನನಗೆ ಕಾಣುವುದು ಬೈತಲೆ ಮಾತ್ರ, ನೇರವಾಗಿದೆ, ಯಾರೂ ತಪ್ಪು ಹುಡುಕುವ ಹಾಗಿಲ್ಲ — ಟ್ಯಾಂಟೀ, ಇನ್ನರ್ಧ ಹೆಣೆಯಲ್ವಾ — ಬಲಗಡೆ ಹೆಣೆದದ್ದು, ಎಡಗಡೆ ಕೆದರಿದ್ದು, ಬಾಚಣಿಗೆ ನನ್ನ ಕೈಯಲ್ಲಿ, ಟ್ಯಾಂಟೀ, ಬಲಗಡೆ ಹೆಣೆದದ್ದು, ಎಡಗಡೆ ಕೆದರಿದ್ದು, ನಡುವೆ ಬೈತಲೆ, ನಾನೇ ತೆಗೆದ ಬೈತಲೆ