ಉದಾಹರಣೆಗೆ ಒಬ್ಬ ಅಕ್ಕ

ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಪಾಠ ನಡೆಯುತ್ತಿತ್ತು. ಕಿಟಕಿ ತೆಗೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ. ಕೊನೆಗೆ ಕಿಟಕಿಯನ್ನು ಅರ್ಧ ತೆಗೆದಿಟ್ಟು, ಅರ್ಧ ವಾಸನೆಗೂ ಅರ್ಧ ಸೆಕೆಗೂ ಎಲ್ಲರೂ ರಾಜಿಯಾಗಿದ್ದರು. ಕಲಿಸುವವರು ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು ಕೂತು ನಿವೃತ್ತರಾದವರು. ಶಾಲೆಯಲ್ಲಿ ಒಂದು ದಿನವೂ ಪಾಠ ಮಾಡಿದವರಲ್ಲ. ಆದರೂ ಎಲ್ಲರ ಬಾಯಲ್ಲಿ ಅವರು ಮೇಷ್ಟ್ರೇ.

ಮೇಷ್ಟ್ರ ಕ್ರಮ ಸರಳ. ದಿನಕ್ಕೊಂದಿಷ್ಟು ಪದ. ಮೊದಲು ಪದದ ಅರ್ಥ, ಆಮೇಲೆ ಪುಸ್ತಕದಲ್ಲಿರುವ ಉದಾಹರಣೆ, ಆಮೇಲೆ ಪುಸ್ತಕ ಮುಚ್ಚಿಸುವುದು.

"ಪುಸ್ತಕದವರ ಮನೆ ಸುದ್ದಿ ಪುಸ್ತಕದವರಿಗಿರಲಿ. ನೀವು ನಿಮ್ಮ ಮನೆಯ ವಾಕ್ಯ ಹೇಳಿ. ಮನೆಯೊಳಗೆ ಓಡಾಡಿದ ಪದ ಮರೆತೇನಂದ್ರೂ ಮರೆಯಲ್ಲ" ಎನ್ನುತ್ತಿದ್ದರು.

ಕಲಿಯುವವರು ನಾಲ್ಕೇ ಜನ. ಬಸ್ ಡ್ರೈವರ್, ನಡೆದರೆ ಅವನ ಶೂ ಕಿರ್ ಕಿರ್ ಎನ್ನುತ್ತಿತ್ತು. ಹಾಸ್ಟೆಲ್ಲಿನ ಅಡುಗೆಯಮ್ಮ, ಮೊಮ್ಮಗಳು ಫೋನಿನಲ್ಲಿ ಪಟಪಟ ಇಂಗ್ಲಿಷ್ ಉದುರಿಸುವಾಗ ಬಾಯಿ ಬಿಟ್ಟುಕೊಂಡು ಕೂರಲಾರದೆ ಬಂದವಳು. ಕ್ಷೌರದಂಗಡಿಯ ಹುರುಪಿನ ಮನುಷ್ಯ, ಅವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಕತ್ತರಿ ಇಲ್ಲದಾಗ ಆ ಕೆಲಸವನ್ನು ಅವನ ನಾಲಿಗೆ ಮಾಡುತ್ತಿತ್ತು. ಇನ್ನೊಬ್ಬಳು ಲಾಂಡ್ರಿಯಮ್ಮ.

ಲಾಂಡ್ರಿಯಮ್ಮನದು ಬಟ್ಟೆಯ ಕಲೆ ತೆಗೆಯುವ ಕೆಲಸ. ಕಲೆಯ ಕೆಳಗೆ ಬಿಳಿ ಬಟ್ಟೆ ಹಾಸಿ, ಅಂಚಿನಿಂದ ನಡುವಿಗೆ ಬರುತ್ತಾ ಒತ್ತಬೇಕು. ಅಪ್ಪಿತಪ್ಪಿಯೂ ಉಜ್ಜಬಾರದು, ಉಜ್ಜಿದರೆ ಹರಡುತ್ತದೆ. ಹಾಗೆ ಒತ್ತುತ್ತಾ ಕೂತಾಗ ಅವಳಿಗೆ ಊರಿನ ಮನೆಮನೆಯ ಸಂಸಾರವೆಲ್ಲ ತಿಳಿಯುತ್ತಿತ್ತು. ಹೆಗಲ ಮೇಲೆ ಹಾಲಿನ ಕಲೆ ಇದ್ದರೆ ಮನೆಯಲ್ಲಿ ಎಳೆಮಗು. ತೋಳಿನ ತುದಿಯಲ್ಲಿ ಶಾಯಿ ಇದ್ದರೆ ಪರೀಕ್ಷೆ ಹತ್ತಿರ. ಎದೆಯ ಮೇಲೆ ಸಾಲಾಗಿ ಎಣ್ಣೆಯ ಹನಿ ಇದ್ದರೆ ಕನ್ನಡಕವಿಲ್ಲದೆ ಊಟಕ್ಕೆ ಕೂರುವ ಹಿರಿಯರು. ಅವಳ ಸ್ವಂತ ಬಟ್ಟೆಗಳ ಮೇಲೆ ಮಾತ್ರ ಯಾರ ಕಲೆಯೂ ಇರಲಿಲ್ಲ. ತಾಯಿ ತೀರಿಕೊಂಡ ಮೇಲೆ ಅವಳು ಒಬ್ಬಳೇ. ಪಾಠಕ್ಕೆ ಯಾಕೆ ಬಂದಿರಿ ಎಂದು ಮೇಷ್ಟ್ರು ಕೇಳಿದಾಗ, ಬಟ್ಟೆಯ ಕಾಲರಿನಲ್ಲಿ ಹೊಲಿದಿರುವ ಇಂಗ್ಲಿಷ್ ಪಟ್ಟಿ ಓದಲು ಎಂದಿದ್ದಳು. ಅದು ಸುಳ್ಳಲ್ಲ. ಆದರೆ ಕೆಲಸ ಮುಗಿಸಿ ಮನೆಗೆ ಹೋಗಿ ದೀಪ ಹಾಕುವ ಆ ಗಳಿಗೆಯನ್ನು ಎಷ್ಟಾಗುತ್ತದೋ ಅಷ್ಟು ಮುಂದೂಡಬೇಕಿತ್ತು. ಅದನ್ನು ಹೇಳುವುದು ಹೇಗೆ?

ಮೊದಲ ದಿನ ಬಂದ ಪದ ಶೇರ್.

"ಶೇರ್ ಅಂದ್ರೆ ನಮ್ಮದನ್ನ ಇನ್ನೊಬ್ಬರ ಜೊತೆ ಹಂಚಿಕೊಳ್ಳೋದು. ಹ್ಞೂಂ, ಹೇಳಿ."

ಡ್ರೈವರ್ ಮಕ್ಕಳ ಜೊತೆ ಹಾಸಿಗೆ ಹಂಚಿಕೊಂಡ. ಅಡುಗೆಯಮ್ಮ ಸೊಸೆಯ ಜೊತೆ ಒಲೆ ಹಂಚಿಕೊಂಡು, "ಹಂಚಿಕೊಳ್ಳೋದೇನು ಬಂತು, ಯುದ್ಧ ಅನ್ನಿ" ಎಂದಳು. ಕತ್ತರಿ ತಮ್ಮನ ಜೊತೆ ಅಂಗಡಿಯ ಕನ್ನಡಿ ಹಂಚಿಕೊಂಡ. ಸರದಿ ಲಾಂಡ್ರಿಯಮ್ಮನಿಗೆ ಬಂತು. ಅವಳು ಮನೆಯನ್ನೆಲ್ಲ ಮನಸ್ಸಿನಲ್ಲೇ ಒಂದು ಸುತ್ತು ಹಾಕಿದಳು. ಒಂದು ಮಂಚ, ಒಂದು ಕುರ್ಚಿ, ಗೋಡೆ. ಎಲ್ಲರೂ ಕಾಯುತ್ತಿದ್ದರು.

"ಐ ಶೇರ್ ಮೈ ಟೀ ವಿತ್ ಮೈ ಸಿಸ್ಟರ್."

"ವೆರಿ ಗುಡ್!" ಎಂದರು ಮೇಷ್ಟ್ರು.

"ಅಕ್ಕನೋ ತಂಗಿನೋ?" ಎಂದಳು ಅಡುಗೆಯಮ್ಮ.

"ಅಕ್ಕ" ಎಂದುಬಿಟ್ಟಳು.

ಬಿತ್ತಿದ್ದು ಒಂದು ವಾಕ್ಯ, ಬೆಳೆದದ್ದು ಒಂದು ಸಂಸಾರ. ಸ್ಟಬರ್ನ್ ಎಂಬ ಪದ ಬಂದ ದಿನ ಅಕ್ಕ ಹಟಮಾರಿಯಾದಳು, ಎಷ್ಟು ಚಳಿಯಿದ್ದರೂ ಕಿಟಕಿ ಮುಚ್ಚಲು ಬಿಡುವುದಿಲ್ಲ. ಕಂಪ್ಲೇನ್ ಬಂದ ದಿನ ಅನ್ನ ಮುದ್ದೆಯಾಗಿದೆ ಎಂದು ದೂರಿದಳು. ಬಾರೋ ಎಂಬ ಇಂಗ್ಲಿಷ್ ಪದ ಬಂದ ದಿನ ಪಕ್ಕದ ಮನೆಯವರಿಂದ ಕೊಡೆಯನ್ನು ಎರವಲು ತಂದು, ಅದು ಮೊದಲಿನಿಂದಲೂ ನಮ್ಮದೇ ಎಂದು ವಾದಿಸಿದಳು. ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡು ಮನೆಯೆಲ್ಲ ಹುಡುಕುತ್ತಿದ್ದಳು. ಇದೆಲ್ಲ ಎಲ್ಲಿಂದ ಬಂತು ಎಂದರೆ ಬಟ್ಟೆಗಳಿಂದ. ಯಾರದೋ ಸ್ವೆಟರಿನ ಜೇಬಿನಲ್ಲಿ ಉಳಿದ ಕನ್ನಡಕ, ಯಾರದೋ ಸೆರಗಿಗೆ ಅಂಟಿದ ಅನ್ನದ ಅಗುಳು. ಊರಿನವರ ಮೈಮೇಲಿಂದ ಇಷ್ಟಿಷ್ಟೇ ತಂದು ಲಾಂಡ್ರಿಯಮ್ಮ ತನಗೊಬ್ಬ ಅಕ್ಕನನ್ನು ಹೊಲಿದುಕೊಂಡಳು.

ಅವಳು ಮೆಟ್ಟಿಲು ಹತ್ತಿ ಬರುವಷ್ಟರಲ್ಲೇ ಡ್ರೈವರ್ ಕೇಳುತ್ತಿದ್ದ: "ಏನ್ ಲಾಂಡ್ರಿಯಮ್ಮ, ಅಕ್ಕ ಹೇಗಿದ್ದಾರೆ?"

"ಇದ್ದಾಳೆ ಬಿಡಿ. ಬೆಳಗ್ಗೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ."

"ಅಯ್ಯೋ, ಏನ್ ತಪ್ಪು ಮಾಡಿದ್ರಿ?"

"ಟೀಗೆ ಸಕ್ಕರೆ ಕಮ್ಮಿ ಹಾಕಿದೆ."

"ಹಾಗಾದ್ರೆ ತಪ್ಪು ನಿಮ್ಮದೇ, ಬಿಡಿ" ಎಂದು ನಕ್ಕು ಅವನು ಸೇರಿಸುತ್ತಿದ್ದ: "ನಮ್ಮನೇಲಿ ಊಟಕ್ಕೆ ಕೂತ್ರೆ ಮಕ್ಕಳು ಕೇಳ್ತಾರೆ, ಇವತ್ತು ಆ ದೊಡ್ಡಮ್ಮ ಏನ್ ಮಾಡಿದ್ರು ಅಂತ."

ಲಾಂಡ್ರಿಯಮ್ಮನಿಗೆ ಒಳಗೊಳಗೇ ಭಯ. ತಾನು ಹೇಗಿದ್ದೇನೆ ಎಂದು ಯಾರೂ ಕೇಳುತ್ತಿರಲಿಲ್ಲ, ನಿಜ. ಆದರೆ ಅಕ್ಕನನ್ನು ಕೇಳುವ ನೆಪದಲ್ಲಾದರೂ ತನ್ನತ್ತ ತಿರುಗುವ ಮುಖಗಳು ಈ ಊರಿನಲ್ಲಿ ಈ ನಾಲ್ಕೇ. ಅಕ್ಕ ಇಲ್ಲವೆಂದು ಗೊತ್ತಾದ ದಿನ ಇವೂ ಇಲ್ಲ.

ಎಡವಟ್ಟಾದದ್ದು ಸ್ಲಿಪ್ ಎಂಬ ಪದದಿಂದ. ಆ ದಿನ ಕೆಲಸ ವಿಪರೀತ, ತಲೆ ಓಡಲಿಲ್ಲ. ಅಕ್ಕ ಬಚ್ಚಲಲ್ಲಿ ಜಾರಿಬಿದ್ದಳು ಎಂದು ಹೇಳಿ ಕೂತಳು.

"ಯಾವಾಗ?" ಎಂದ ಡ್ರೈವರ್. "ಮೂಳೆಗೇನಾದ್ರೂ?"

"ಇಲ್ಲ ಇಲ್ಲ, ಸ್ವಲ್ಪ ಸೊಂಟ..."

"ಸೊಂಟನಾ! ಅಲ್ಲ ಕಣೇ, ಅವರನ್ನ ಒಬ್ಬರೇ ಬಿಟ್ಟು ಇಲ್ಲಿ ಬಂದು ಕೂತಿದ್ದೀಯಲ್ಲ, ನಿಂಗೆ ಬುದ್ಧಿ ಇದೆಯಾ?" ಎಂದಳು ಅಡುಗೆಯಮ್ಮ. ಅಷ್ಟು ಹಕ್ಕಿನಿಂದ ಅವಳನ್ನು ಯಾರಾದರೂ ಬೈದು ಎಷ್ಟು ಕಾಲವಾಗಿತ್ತೋ. ಲಾಂಡ್ರಿಯಮ್ಮನ ಕಣ್ಣು ತುಂಬಿತು. ಅದನ್ನು ಕಂಡವರು ಪೆಟ್ಟು ದೊಡ್ಡದೇ ಇರಬೇಕು ಎಂದುಕೊಂಡರು.

ಮೇಷ್ಟ್ರು ಪುಸ್ತಕ ಮುಚ್ಚಿದರು. "ಭಾನುವಾರ ಮಧ್ಯಾಹ್ನ ಎಲ್ಲರೂ ಹೋಗಿ ನೋಡಿಕೊಂಡು ಬರೋಣ."

ಬೇಡ ಎಂದಳು, ಮನೆ ಚಿಕ್ಕದು ಎಂದಳು, ಅಕ್ಕನಿಗೆ ಜನ ಬಂದರೆ ಸಂಕೋಚ ಎಂದಳು. "ಕೊಡೆ ಕದಿಯೋವಾಗ ಇಲ್ಲದ ಸಂಕೋಚವಾ?" ಎಂದ ಕತ್ತರಿ. ಡ್ರೈವರ್ ಆಗಲೇ ಪಾಳಿ ಬದಲಿಸಿಕೊಳ್ಳಲು ಯಾರಿಗೋ ಫೋನ್ ಮಾಡುತ್ತಿದ್ದ.

ಉಳಿದ ದಿನಗಳಲ್ಲಿ ಲಾಂಡ್ರಿಯಮ್ಮ ಅಕ್ಕನನ್ನು ಏನೇನೋ ಮಾಡಿ ನೋಡಿದಳು. ಊರಿಗೆ ಕಳಿಸಿದರೆ? ಜಾರಿಬಿದ್ದವರು ಪ್ರಯಾಣ ಮಾಡುತ್ತಾರೆಯೇ? ಆಸ್ಪತ್ರೆಗೆ ಸೇರಿಸಿದರೆ? ಡ್ರೈವರ್ ಅಲ್ಲಿಗೇ ಬಸ್ ತಿರುಗಿಸುವವನು. ಸಾಯಿಸಿಬಿಟ್ಟರೆ? ಆ ಯೋಚನೆ ಬಂದಾಗ ಅವಳು ಕಾಲರೊಂದನ್ನು ಒತ್ತುತ್ತಿದ್ದಳು. ಕೈ ಅಲ್ಲೇ ನಿಂತಿತು. ಆಗಲಿಲ್ಲ. ಇದ್ದದ್ದೇ ಒಬ್ಬಳು.

ಭಾನುವಾರ ಬೆಳಗ್ಗೆ ಒಳಕೋಣೆಯ ಮಂಚದ ಮೇಲೆ ದಿಂಬುಗಳನ್ನು ಉದ್ದಕ್ಕೆ ಇಟ್ಟು ಕಂಬಳಿ ಹೊದಿಸಿದಳು. ಲಾಂಡ್ರಿಯಲ್ಲಿ ಯಾರೂ ಒಯ್ಯದೆ ಉಳಿದ ಬಟ್ಟೆಗಳ ಸಾಲಿನಿಂದ ಕಂದು ಸ್ವೆಟರೊಂದನ್ನು ತಂದು ತಲೆದೆಸೆಗೆ ನೇತುಹಾಕಿದಳು. ಅಂಗಡಿಯ ಬಟ್ಟೆಯನ್ನು ಮನೆಗೆ ತಂದದ್ದು ಅದೇ ಮೊದಲು. ಮೇಜಿನ ಮೇಲೆ ಎರಡು ಲೋಟ ಇಟ್ಟಳು. ಬಾಗಿಲನ್ನು ಇಷ್ಟೇ ಓರೆ ಮಾಡಿದಳು.

ಎಲ್ಲರೂ ಮಹಡಿಯ ಮೆಟ್ಟಿಲು ಹತ್ತಿ ಬಂದರು. ಮೇಷ್ಟ್ರ ಕೈಯಲ್ಲಿ ಹಣ್ಣು. ಕತ್ತರಿ ಯಾವುದೋ ಎಣ್ಣೆಯ ಸೀಸೆ ತಂದಿದ್ದ, "ಸೊಂಟಕ್ಕೂ ಆಗುತ್ತೆ, ತಲೆಗೂ ಆಗುತ್ತೆ" ಎಂದ. ಡ್ರೈವರನ ಮಕ್ಕಳು ಬಣ್ಣದ ಪೆನ್ಸಿಲಿನಲ್ಲಿ ಒಂದು ಚಿತ್ರ ಬರೆದು ಕಳಿಸಿದ್ದರು: ಕೊಡೆ ಹಿಡಿದ, ತಲೆಯ ಮೇಲೆ ಕನ್ನಡಕವಿದ್ದ ಒಬ್ಬ ದಪ್ಪ ಹೆಂಗಸು.

"ಡಾಕ್ಟ್ರು ಮಾತ್ರೆ ಕೊಟ್ಟಿದ್ದಾರೆ, ಈಗ ತಾನೇ ಮಲಗಿದಳು" ಎಂದಳು ಲಾಂಡ್ರಿಯಮ್ಮ.

ತಕ್ಷಣ ಎಲ್ಲರ ದನಿಯೂ ಇಳಿಯಿತು. ಗಂಡಸರು ಸಾಲಾಗಿ ಗೋಡೆಗೆ ಒರಗಿ ನಿಂತರು. ಅಡುಗೆಯಮ್ಮ ಮಾತ್ರ ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಹಣೆ ಒಂದಿಷ್ಟು ಮುಟ್ಟಿ ನೋಡ್ತೀನಿ, ಜ್ವರ ಗಿರ ಬಂದಿದ್ರೆ" ಎನ್ನುತ್ತಾ, ತಡೆಯುವಷ್ಟರಲ್ಲಿ ಒಳಗೆ ಹೋಗಿಬಿಟ್ಟಳು.

ಲಾಂಡ್ರಿಯಮ್ಮ ಇದ್ದಲ್ಲೇ ನಿಂತಳು. ಒಳಗೆ ಬಳೆಯ ಸದ್ದಾಯಿತು. ಕಂಬಳಿ ಸರಿದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಕತ್ತರಿ ಪಿಸುಗುಟ್ಟಿ ಮೇಷ್ಟ್ರಿಗೆ ಏನೋ ಹೇಳುತ್ತಿದ್ದ, ಅವಳಿಗೆ ಕೇಳಿಸಲಿಲ್ಲ.

ಅಡುಗೆಯಮ್ಮ ಹೊರಗೆ ಬಂದು, ಬಾಗಿಲನ್ನು ಪೂರ್ತಿ ಎಳೆದು ಮುಚ್ಚಿದಳು.

"ಒಳ್ಳೆ ನಿದ್ದೆ" ಎಂದಳು. "ಜ್ವರ ಇಲ್ಲ. ಎಬ್ಬಿಸೋದು ಬೇಡ, ನಡೀರಿ ನಡೀರಿ."

"ಗೊರಕೆ ಹೊಡೀತಿದ್ದಾರಾ?" ಎಂದ ಡ್ರೈವರ್ ಪಿಸುಮಾತಿನಲ್ಲಿ, ಆಸೆಯಿಂದ.

"ಸಣ್ಣಗೆ" ಎಂದಳು ಅಡುಗೆಯಮ್ಮ.

ಹೊರಡುವಾಗ ಅವಳು ಲಾಂಡ್ರಿಯಮ್ಮನ ಕೈ ಹಿಡಿದು ಅಂಗೈಯಲ್ಲಿ ಏನೋ ಒತ್ತಿದಳು. ಸ್ವೆಟರಿನ ಕಾಲರಿಗೆ ಚುಚ್ಚಿದ್ದ ಅಂಗಡಿಯ ಹಳದಿ ಚೀಟಿ. ಪ್ರತಿದಿನ ನೂರಾರು ಚೀಟಿ ಚುಚ್ಚಿ ತೆಗೆಯುವವಳಿಗೆ ಅದೊಂದು ಕಣ್ಣಿಗೇ ಬಿದ್ದಿರಲಿಲ್ಲ. ಅಡುಗೆಯಮ್ಮ ಮುಖ ನೋಡಲಿಲ್ಲ. "ಡಬ್ಬಿ ನಾಳೆ ತಂದ್ಕೊಡು" ಎಂದಳು ಅಷ್ಟೇ.

ಲಾಂಡ್ರಿಯಮ್ಮ ಬಾಗಿಲಲ್ಲಿ ನಿಂತಳು. ಬಚಾವಾದಳು. ಇನ್ನು ಬೇಕಾದಷ್ಟು ದಿನ ಅಕ್ಕ ಇರಬಹುದು; ಮೆಲ್ಲಗೆ ಚೇತರಿಸಿಕೊಳ್ಳಬಹುದು, ಮತ್ತೆ ಕೊಡೆ ಎರವಲು ತರಬಹುದು. ಅವರೆಲ್ಲ ಮೆಟ್ಟಿಲಿಳಿಯುತ್ತಿದ್ದರು. ಮೇಷ್ಟ್ರು ಕೆಮ್ಮು ಬಂದದ್ದನ್ನು ಕರವಸ್ತ್ರದಲ್ಲಿ ನುಂಗಿದರು. ಕತ್ತರಿ ಬಾಯಿ ಮುಚ್ಚಿಕೊಂಡಿದ್ದ, ಅದೊಂದು ನೋಡಬೇಕಾದ ದೃಶ್ಯವೇ. ಎಲ್ಲರ ಹಿಂದೆ ಡ್ರೈವರ್. ಅವನು ಕಿರ್ ಕಿರ್ ಎನ್ನುವ ಶೂ ಹಾಕಿಕೊಳ್ಳದೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಹೆಬ್ಬೆರಳು ಇಣುಕುವ ಹರಿದ ಕಾಲುಚೀಲದಲ್ಲಿ, ಮಲಗಿದ ಮಗುವಿನ ಪಕ್ಕದಿಂದ ಎದ್ದು ಹೋಗುವವನಂತೆ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ.

ಆ ಹೆಬ್ಬೆರಳನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಶೂ ಹಾಕ್ಕೊಳ್ಳಿ" ಎಂದಳು.

ಅವನು ತಿರುಗಿ, ಬೆರಳನ್ನು ತುಟಿಯ ಮೇಲಿಡಲು ಹೋದ. ಕೈಯಲ್ಲಿ ಶೂ ಇತ್ತು.

"ಮೆಲ್ಲಗೆ ನಡೀಬೇಡಿ. ಯಾರೂ ಮಲಗಿಲ್ಲ." ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು. "ನಂಗೆ ಅಕ್ಕ ಇಲ್ಲ. ಯಾವತ್ತೂ ಇರ್ಲಿಲ್ಲ. ಶೇರ್ ಪದಕ್ಕೆ ಏನ್ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ ನಂಗೆ."

ಅಡುಗೆಯಮ್ಮ ಕಣ್ಣು ಮುಚ್ಚಿಕೊಂಡಳು, ಬೇಡವಾಗಿತ್ತು ಎನ್ನುವವಳಂತೆ. ಡ್ರೈವರ್ ಅಲ್ಲೇ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಂಡ. ದಾರ ಕಟ್ಟಲು ಬಹಳ ಹೊತ್ತು ತೆಗೆದುಕೊಂಡ. ಆಮೇಲೆ ಎದ್ದು, ಕಿರ್ ಕಿರ್ ಎಂದು ಕೆಳಗಿನವರೆಗೂ ಇಳಿದು ಹೋದ.

"ಪಾಠ ಇದೆ ನಾಳೆ" ಎಂದರು ಮೇಷ್ಟ್ರು. ಅವರೂ ಇಳಿದರು.

ಆ ಮಧ್ಯಾಹ್ನ ಅವಳು ಡಬ್ಬಿ ಬಿಚ್ಚಿದಳು. ಇಬ್ಬರಿಗಾಗುವಷ್ಟಿತ್ತು. ಮಂಚದ ಮೇಲಿನ ದಿಂಬುಗಳನ್ನು ತೆಗೆಯಲು ಕೈ ಬರದೆ, ಸಂಜೆಯವರೆಗೂ ಹಾಗೇ ಬಿಟ್ಟಳು.

ಮರುದಿನ ಪಾಠಕ್ಕೆ ಹೋಗಿಯೇ ಹೋದಳು. ಹೋಗದಿದ್ದರೆ ಡಬ್ಬಿ ಕೊಡುವುದು ಹೇಗೆ ಎಂದು ತನಗೆ ತಾನೇ ಹೇಳಿಕೊಂಡಳು. ಅವಳು ಮೆಟ್ಟಿಲು ಹತ್ತಿ ಒಳಬರುವಾಗ ಡ್ರೈವರ್ ಅಭ್ಯಾಸಬಲದಿಂದ, "ಏನ್ ಲಾಂಡ್ರಿಯಮ್ಮ," ಎಂದವನು ಮುಂದಿನ ಮಾತು ಸಿಗದೆ ನಿಲ್ಲಿಸಿದ. ಆ ಅರ್ಧ ಪ್ರಶ್ನೆ ಕೋಣೆಯಲ್ಲಿ ಹಾಗೇ ಉಳಿಯಿತು. ಮೇಷ್ಟ್ರು ಪದಗಳನ್ನು ಹೇಳಿದರು, ಎಲ್ಲರೂ ವಾಕ್ಯ ಮಾಡಿದರು. ಯಾರೂ ನಗಲಿಲ್ಲ. ಕತ್ತರಿ ಕೂಡ ಇದ್ದದ್ದನ್ನಷ್ಟೇ ಹೇಳಿ ಸುಮ್ಮನಾದ. ಅಕ್ಕ ಇಲ್ಲದ ಪಾಠ ಉಪ್ಪಿಲ್ಲದ ಅಡುಗೆಯಂತಿತ್ತು. ಅಡುಗೆಯಮ್ಮನೇ ಹಾಗೆಂದು ಗೊಣಗಿದಳು.

ಲಾಂಡ್ರಿಯಮ್ಮನ ಸರದಿಗೆ ಬಂದ ಪದ ಯೂಶುವಲಿ. ಸಾಮಾನ್ಯವಾಗಿ, ಹೆಚ್ಚಿನ ದಿನಗಳಲ್ಲಿ. ಅವಳು ಮನೆಯನ್ನೆಲ್ಲ ಮತ್ತೆ ಒಂದು ಸುತ್ತು ಹಾಕಿ ಬಂದಳು.

"ಯೂಶುವಲಿ, ಐ ಈಟ್ ಸ್ಟ್ಯಾಂಡಿಂಗ್."

"ನಿಂತ್ಕೊಂಡಾ?" ಎಂದ ಡ್ರೈವರ್. ಆ ದಿನ ಅವನು ಅವಳ ಮುಖ ನೋಡಿದ್ದು ಅದೇ ಮೊದಲ ಸಲ. "ಯಾಕೆ?"

"ಕೂತ್ರೆ ಎದುರಿಗಿರೋ ಗೋಡೆ ಕಾಣುತ್ತೆ."

ಅವನು ಸುಮಾರು ಹೊತ್ತು ಪುಸ್ತಕದ ಅಂಚನ್ನು ಮಡಚಿದ, ಬಿಡಿಸಿದ.

"ಮಕ್ಕಳಿಗೆ ಇನ್ನೂ ಹೇಳಿಲ್ಲ ನಾನು" ಎಂದ ಕೊನೆಗೆ. ದನಿಯಲ್ಲಿ ಇನ್ನೂ ಸಿಟ್ಟಿತ್ತು. "ಸತ್ತವರಾದ್ರೆ ಒಂದಿಷ್ಟು ಅತ್ತು ಮುಗಿಸಬಹುದಿತ್ತು. ಇಲ್ಲದೇ ಇದ್ದವರಿಗೆ ಏನ್ರೀ ಮಾಡೋದು?"

"ನಂಗೂ ಗೊತ್ತಿಲ್ಲ" ಎಂದಳು ಲಾಂಡ್ರಿಯಮ್ಮ. "ಬೆಳಗ್ಗೆ ಎರಡು ಲೋಟ ತೊಳೆದೆ."

ಮೇಷ್ಟ್ರು ಮುಂದಿನ ಪದಕ್ಕೆ ಹೋಗಲು ಗಂಟಲು ಸರಿಮಾಡಿಕೊಂಡರು. ಡ್ರೈವರ್ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಎತ್ತಿ ನೆಲಕ್ಕಿಟ್ಟ. ಬನ್ನಿ ಎನ್ನಲಿಲ್ಲ. ಅವಳೂ ತಕ್ಷಣ ಏಳಲಿಲ್ಲ. ಕುರ್ಚಿ ಖಾಲಿಯಿತ್ತು, ಅರ್ಧ ತೆಗೆದ ಕಿಟಕಿಯಿಂದ ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುವ ಸದ್ದು ಬರುತ್ತಿತ್ತು.