ಎಡಗಡೆಯ ಸೆನ್ಸಾರ್

೧

ಎಲ್ಲಿಂದ ಶುರು ಮಾಡಲಿ? "ಬಾನೆಟ್ ಎತ್ತಿದಳು" ಎಂದು ಬರೆದಿದ್ದೆ, ಹೊಡೆದುಹಾಕಿದೆ. ಯಾವ ಬಾನೆಟ್, ಎತ್ತಿದ್ದು ಯಾರು ಎಂದು ನೀವು ಕೇಳುತ್ತೀರಿ. "ಅದೊಂದು ಹಳೆಯ ವ್ಯಾನ್" ಎಂದು ಬರೆದೆ. ಅದಕ್ಕೆ ಅವಳೇ ರೇಗಿದಳು.

"ಹಳೇದು ಅಂತಲೇ ಶುರು ಮಾಡ್ಬೇಕಾ? ನಿಮ್ಮನ್ನ ಯಾರಾದ್ರೂ ಹಂಗೆ ಪರಿಚಯ ಮಾಡಿಸ್ತಾರಾ?"

ಸರಿ, ಅವಳಿಂದಲೇ ಶುರು. ಆಸ್ಪತ್ರೆ, ಹಾಸ್ಟೆಲುಗಳಿಂದ ಮಾಸಿದ ಹೊದಿಕೆ ತಂದು, ಒಗೆದು, ಇಸ್ತ್ರಿ ಮಾಡಿ ವಾಪಸ್ ಮುಟ್ಟಿಸುವವಳು. ಬೀದಿಯವರ ಬಾಯಲ್ಲಿ ವ್ಯಾನಕ್ಕ. (ಬೇರೆ ಹೆಸರಿಡಲು ಹೋದೆ. ಇರೋ ಹೆಸರೇ ಹೋಗೋ ಹಾಗಿದೆ, ಇನ್ನೊಂದು ಯಾಕೆ ಎಂದಳು.) ವ್ಯಾನ್ ಇರುವುದು ಅವಳ ಭಾವನ, ಅಂದರೆ ಗಂಡನ ಅಣ್ಣನ ಹೆಸರಿನಲ್ಲಿ. ಎಂಜಿನ್ ಕಾದರೆ ಸಾಕು, ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ತಣ್ಣಗಾದ ಮೇಲೆ ಏನೂ ಆಗದವರ ಹಾಗೆ ಹೊರಡುತ್ತದೆ. ಮಧ್ಯಾಹ್ನ ಬಂದು ಎಳೆದುಕೊಂಡು ಹೋಗು ಎಂದು ಭಾವ ಗುಜರಿಯವನಿಗೆ ಹೇಳಿಬಿಟ್ಟಿದ್ದಾನೆ. ವ್ಯಾನ್ ಹೋದರೆ ಕೆಲಸ ಹೋಯಿತು, ಅವಳು ಬರೀ ಅಕ್ಕ. ಅಕ್ಕಂದಿರು ಬೀದಿಗೆ ಹತ್ತು ಜನ.

೨

"ಕ್ರ್ಯಾಂಕ್ ಸೆನ್ಸಾರ್ ಹೋಗಿದೆ. ಎಂಜಿನ್ನಿನ ಎಡಗಡೆ, ಕೆಳಗೆ. ಒಂದೇ ಬೋಲ್ಟು" ಎಂದು ಸ್ಪೇರ್ ಪಾರ್ಟ್ಸ್ ಅಂಗಡಿಯವನು ಹೊಸದನ್ನು ಕೊಟ್ಟಿದ್ದ. ಎಂಜಿನ್ ತಿರುಗುತ್ತಿದೆಯೋ ಇಲ್ಲವೋ ಎಂದು ಗಾಡಿಯ ಕಂಪ್ಯೂಟರಿಗೆ ಚಾಡಿ ಹೇಳುವ ಹೆಬ್ಬೆರಳಷ್ಟು ವಸ್ತು. ಹಾಳಾದರೆ, ಬಿಸಿ ತಾಗಿದಾಗ ಬಾಯಿ ಮುಚ್ಚಿಕೊಳ್ಳುತ್ತದೆ, ಎಂಜಿನ್ನೂ ನಿಲ್ಲುತ್ತದೆ. (ನಮ್ಮಲ್ಲಿ ಸಿನಿಮಾಕ್ಕೆ ಕತ್ತರಿ ಹಾಕುವುದೂ ಸೆನ್ಸಾರ್, ಇದೂ ಸೆನ್ಸಾರ್. ಭಾವನನ್ನು ಸೇರಿಸಿದರೆ ಮೂರು.)

ಬರೆದೆ: ಬ್ಯಾಟರಿಯ ವಯರು ಬಿಚ್ಚಿದಳು. ಬಾನೆಟ್ಟಿನ ಮುಂದೆ ನಿಂತು ಎಡಗಡೆಗೆ ಕೈ ತೂರಿಸಿದಳು. ಸೆನ್ಸಾರಿನ ಕ್ಲಿಪ್ಪು ಹಿಡಿದು ಎಳೆದಳು. ಪಟ್ ಎಂದಿತು.

"ಇದನ್ನ ಯಾಕೆ ಎಳೆಸಿದ್ರಿ ನನ್ ಕೈಲಿ?"

"ಅಂಗಡಿಯವನು ಎಡಗಡೆ ಅಂದನಲ್ಲ."

"ಯಾರ ಎಡ ಸ್ವಾಮಿ? ಗಾಡೀಲಿ ಎಡ ಅಂದ್ರೆ ಸೀಟಲ್ಲಿ ಕೂತವರ ಎಡ. ನೀವು ಎದುರಿಗೆ ನಿಂತು ಬರೀತಾ ಇದೀರ. ಮೊದ್ಲಿಂದ್ಲೂ ಇದೇ ಆಯ್ತು. ಎದುರಿಗೆ ನಿಂತವರೇ ನಂಗೆ ಎಡ ಬಲ ಹೇಳೋದು."

ನನ್ನದೇ ತಪ್ಪು. ಬೇರೆ ಯಾವುದೋ ಸೆನ್ಸಾರಿನ ಕ್ಲಿಪ್ಪು ಮುರಿದಿತ್ತು. ಪ್ಯಾರಾ ಅಳಿಸುತ್ತೇನೆ ಎಂದೆ.

"ಅಳಿಸ್ಬೇಡಿ. ಮುರಿದದ್ದು ಮುರಿದದ್ದೇ. ಆ ಹ್ಯಾಂಗರ್ ಕೊಡಿ ಇತ್ಲಾಗೆ."

ಇಸ್ತ್ರಿ ಕೋಣೆಯ ಹ್ಯಾಂಗರಿನಿಂದ ಒಂದು ತುಂಡು ತಂತಿ ಕತ್ತರಿಸಿ, ಬಾಗಿಸಿ, ಮುರಿದ ಕ್ಲಿಪ್ಪನ್ನು ಬಿಗಿದಳು. ನನ್ನ ತಪ್ಪು ಈಗಲೂ ಆ ಎಂಜಿನ್ನಿನಲ್ಲಿದೆ.

೨ (ಮತ್ತೆ)

ಅಷ್ಟಾದರೂ ಇದು ಅವಳಿಂದಾಗುತ್ತದೆ ಎಂದು ನನಗೆ ನಂಬಿಕೆ ಬರಲಿಲ್ಲ. ಒಬ್ಬ ಮೆಕ್ಯಾನಿಕ್ಕನ್ನು ಸೃಷ್ಟಿಸಿ ಗೇಟಿನ ಹತ್ತಿರ ನಿಲ್ಲಿಸಿದೆ. ಕೈಯಲ್ಲಿ ಸ್ಪ್ಯಾನರ್, ಮುಖದಲ್ಲಿ ಕರುಣೆ.

"ಅವರನ್ನ ಬೇರೆ ಕಥೆಗೆ ಕಳಿಸಿ" ಎಂದಳು, ತಲೆಯೂ ಎತ್ತದೆ.

ಕಳಿಸಿದೆ. ಪಾಪ, ಸ್ಪ್ಯಾನರ್ ಹಿಡಿದುಕೊಂಡೇ ಹೋದ.

ಅವಳು ಹರಿದ ಹೊದಿಕೆ ಹಾಸಿ, ಈ ಸಲ ಸೀಟಲ್ಲಿ ಕೂತವರ ಎಡಗಡೆಯಿಂದ, ವ್ಯಾನಿನ ಕೆಳಗೆ ನುಸುಳಿದಳು. ಬೋಲ್ಟು ಬಂತು, ಸೆನ್ಸಾರ್ ಬರಲಿಲ್ಲ. ಎಣ್ಣೆ ಬಿಟ್ಟಳು, ಆ ಕಡೆ ಈ ಕಡೆ ಹೊರಳಿಸಿದಳು, ಗೆಣ್ಣು ತರಚಿಕೊಂಡಳು, ಅಚ್ಚು ಹಾಕಲಾಗದ ಒಂದು ಮಾತು ಅಂದಳು. ಆ ಮಾತಿಗೇ ಹೆದರಿದಂತೆ ಸೆನ್ಸಾರ್ ಹೊರಬಂತು. ಹೊಸದರ ರಬ್ಬರ್ ರಿಂಗಿಗೆ ಎಣ್ಣೆ ಸವರಿ ಕೂರಿಸಿ, ಬೋಲ್ಟು ಬಿಗಿದು, ಬ್ಯಾಟರಿಗೆ ವಯರು ಸೇರಿಸಿದಳು.

೪ (ಮೂರು ಮೆಕ್ಯಾನಿಕ್ಕಿನ ಜೊತೆ ಹೋಯಿತು)

ಭಾವ ಬಂದ. ಹಿಂದೆ ಹಗ್ಗ ಹಿಡಿದ ಗುಜರಿಯವನು. ಅವಳು ಕೀ ತಿರುಗಿಸಿದಳು, ವ್ಯಾನ್ ಸ್ಟಾರ್ಟ್ ಆಯಿತು. ಶುಭಂ ಎಂದು ಬರೆಯಲು ಪೆನ್ನೆತ್ತಿದೆ.

"ತಡೀರಿ. ತಣ್ಣಗಿದ್ದಾಗ ಮೊದ್ಲೂ ಆಗ್ತಿತ್ತು. ಕಾಯ್ಲಿ."

ರೇಡಿಯೇಟರ್ ಫ್ಯಾನು ಬರ್‍ರೆಂದು ತಿರುಗುವವರೆಗೆ ಎಂಜಿನ್ ಓಡಿಸಿದಳು. ಆಮೇಲೆ, ಯಾರೂ ಕೇಳದಿದ್ದರೂ, ತಾನೇ ಆಫ್ ಮಾಡಿದಳು. ಬಿಸಿಯಲ್ಲೇ ಮತ್ತೆ ಸ್ಟಾರ್ಟ್ ಆದರೆ ಮಾತ್ರ ಗೆದ್ದಂತೆ.

ಮುಕ್ತಾಯ ಅ: ಸ್ಟಾರ್ಟ್ ಆಗಲಿಲ್ಲ, ಹಗ್ಗ ಕಟ್ಟಿದರು. (ವಿಮರ್ಶಕರಿಗೆ ಹಿಡಿಸುತ್ತದೆ.)

ಮುಕ್ತಾಯ ಆ: ಸ್ಟಾರ್ಟ್ ಆಯಿತು, ಭಾವ ಕಣ್ಣೊರೆಸಿಕೊಂಡ. (ಭಾವನೇ ಒಪ್ಪಲಿಲ್ಲ.)

ನಾನು ಯಾವುದೆಂದು ಲೆಕ್ಕ ಹಾಕುತ್ತಿರುವಾಗಲೇ ಅವಳು ಕೀ ತಿರುಗಿಸಿಬಿಟ್ಟಳು. ಎಂಜಿನ್ ಒಮ್ಮೆ ಕೆಮ್ಮಿ ಸ್ಟಾರ್ಟ್ ಆಯಿತು. ನನಗೆ ಕುಣಿಯುವಷ್ಟು ಖುಷಿಯಾಯಿತು, ಸುಳ್ಳೇಕೆ.

"ಇವತ್ತು ಆಯ್ತಮ್ಮ. ನಾಳೆ ನಿಂತ್ರೆ?" ಎಂದ ಭಾವ.

"ನಾಳೆ ನಿಂತ್ರೆ ನಾಳೆ ಬಿಚ್ತೀನಿ, ಭಾವ. ಆ ಹಗ್ಗ ಕೊಳೆ ಆಗಿದೆ. ಒಗೆಯೋಕೆ ಹಾಕೋದಿದ್ರೆ ಕೊಟ್ಟು ಹೋಗ್ಲಿ."

ಗುಜರಿಯವನು ನಕ್ಕ. ಭಾವ ನಗಲಿಲ್ಲ. ವ್ಯಾನ್ ಗೇಟು ದಾಟುತ್ತಿತ್ತು. ನಾನು ಅಡ್ಡ ಓಡಿದೆ.

"ಭಾವ ಒಪ್ಪಿದ್ರಾ ಇಲ್ವಾ, ಅಷ್ಟು ಹೇಳಿ ಹೋಗಿ! ಓದುಗರು ಕಾಯ್ತಿದಾರೆ."

"ಅವರೂ ಎದುರಿಗೇ ನಿಂತಿದಾರಾ? ಪಕ್ಕಕ್ಕೆ ಸರಿಯೋಕೆ ಹೇಳಿ."

ದಯವಿಟ್ಟು ಸರಿಯಿರಿ. ನಾನೂ ಸರಿದೆ. ಬೀದಿಯ ಕೊನೆಯಲ್ಲಿ ಅವಳು ಎಡಕ್ಕೆ ತಿರುಗಿದಳು. ಈಗ ನಾನು ಹಿಂದೆ ನಿಂತಿದ್ದೆ, ಹಾಗಾಗಿ ಈ ಎಡ ತಪ್ಪಿಲ್ಲ. ಆಮೇಲೆ ಎಲ್ಲಾದರೂ ನಿಂತಳೋ ಇಲ್ಲವೋ, ನನ್ನನ್ನು ಕೇಳಬೇಡಿ.