ಯಾರು ಸಾಹೇಬರು

ಹೂವಿಗೆ ಮೂರು ಸಲ ದುಡ್ಡು ಹೋಗಿತ್ತು, ಕುರ್ಚಿಗೆ ಎರಡು ಸಲ. ಮೂರನೆಯ ಹೂವಿನ ಗಾಡಿಯನ್ನು ಗೇಟಿನಲ್ಲೇ ತಡೆದು ವಾಪಸು ಕಳಿಸುತ್ತಿದ್ದಾಗ ಮಗಳಿಗೆ ಹೊಳೆಯಿತು: ಅಪ್ಪನನ್ನು ಒಯ್ಯುವ ವ್ಯಾನೇ ಬಂದಿಲ್ಲ. ಚಿತಾಗಾರದವರು ಕೊಟ್ಟಿದ್ದ ಹೊತ್ತು ಮಧ್ಯಾಹ್ನ ಹನ್ನೆರಡು. ತಪ್ಪಿದರೆ ನಾಳೆಯೇ ಎಂದಿದ್ದರು. ರಾತ್ರಿಯಿಡೀ ಕುರ್ಚಿ ಬಿಟ್ಟೇಳದ ಅಮ್ಮನ ಕಾಲು ಆಗಲೇ ಊದಿತ್ತು. ಇನ್ನೊಂದು ರಾತ್ರಿ ಆಕೆಯಿಂದ ಆಗದು.

“ವ್ಯಾನಿಗೆ ಹೇಳಿದೀರಾ?” ಎಂದು ಅಪ್ಪನ ಕಚೇರಿಯ ಎಂಜಿನಿಯರನ್ನು ಕೇಳಿದಳು.

“ಖರೀದಿಯವರು ನೋಡ್ಕೋತಿದಾರೆ ಮೇಡಂ.”

ಖರೀದಿ ವಿಭಾಗದವನು ಫೋನನ್ನು ಕಿವಿಯಿಂದ ತೆಗೆದ. “ನಾನು ಲೆಕ್ಕದವರಿಗೆ ಹೇಳಿದ್ನಲ್ಲ.”

“ನೀವೆಲ್ಲಾ ಓಡಾಡ್ತಿದ್ರಲ್ಲ ಅಂತ ನಾನು ಸುಮ್ನಿದ್ದೆ,” ಎಂದರು ಲೆಕ್ಕದವರು.

ಸೋದರಮಾವ ತಲೆ ಚಚ್ಚಿಕೊಂಡ. “ಹತ್ತು ಮಂದಿ ಸೇರಿದ್ರೆ ಹಾವು ಸಾಯಲ್ಲ ಅಂತಾರೆ. ಇಲ್ಲಿ ಸತ್ತೋರೇ ಹೊರಡ್ತಿಲ್ಲ.”

*

ಸೇತುವೆಯಾಗಲಿ, ಆಸ್ಪತ್ರೆಯಾಗಲಿ, ಅಪ್ಪ ಎಷ್ಟು ದೊಡ್ಡ ಕೆಲಸ ವಹಿಸಿಕೊಂಡರೂ ಸಭೆಯಲ್ಲಿ ಕೇಳುತ್ತಿದ್ದುದು ಒಂದೇ ಮಾತು: “ಯಾರು?” ಕಚೇರಿಯಲ್ಲಿ ಅವರ ಅಡ್ಡಹೆಸರೇ ಯಾರು ಸಾಹೇಬರು. ಹೊಣೆ ನನ್ನದೆಂದು ಒಂದು ಕೈ ಮೇಲೇಳುವವರೆಗೆ ಯಾರೂ ಜಾಗ ಬಿಡುವಂತಿರಲಿಲ್ಲ. ಎರಡು ಎದ್ದರೆ, “ಒಂದು ಇಳೀಲಿ. ಇಬ್ರು ಹೊತ್ತ ಕೆಲ್ಸ ನೆಲದ ಮೇಲೇ ಇರುತ್ತೆ,” ಎನ್ನುತ್ತಿದ್ದರು.

ಊಟದ ಹೊತ್ತಿಗೆ ಅಪ್ಪ ಇದನ್ನೇ ಹೆಮ್ಮೆಯಿಂದ ಹೇಳುತ್ತಿದ್ದಾಗ ಅಮ್ಮ ಒಮ್ಮೆ, “ಮನೇಲಿ ಯಾಕೆ ಕೇಳಲ್ಲ?” ಎಂದಿದ್ದಳು.

“ಇಲ್ಲಿ ಕೇಳೋದೇನಿದೆ? ನೀನಿದೀಯಲ್ಲ.”

ನಲ್ಲಿ ಸೋರಿದರೂ ಅಮ್ಮ, ಅಜ್ಜಿಯ ಔಷಧಿಗೂ ಅಮ್ಮ, ಕೊನೆಗೆ ಅಪ್ಪನ ಕಾಯಿಲೆಗೂ ಅಮ್ಮನೇ.

*

ಮಗಳು ಮೆಟ್ಟಿಲ ಮೇಲೆ ನಿಂತಳು. “ವ್ಯಾನು. ಯಾರು?”

ಅಂಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಕೈ ಎದ್ದಿತು. ಎದ್ದದ್ದು ಅವಳ ಹಿಂದೆ, ಕುರ್ಚಿಯಲ್ಲಿ ಕೂತಿದ್ದ ಅಮ್ಮನದು. ಆಕೆಯ ಇನ್ನೊಂದು ಕೈ ಫೋನ್ ನಂಬರು ನೋಡಲು ಆಗಲೇ ಕನ್ನಡಕ ಹುಡುಕುತ್ತಿತ್ತು.

“ನೀನು ಇಳಿಸಮ್ಮ.”

ಅದು ತಾನಾಗಿ ಇಳಿಯಲಿಲ್ಲ. ಮಗಳೇ ಹಿಡಿದು ಮಡಿಲಿಗಿಟ್ಟಳು. ಆಮೇಲೆ ಎಂಜಿನಿಯರು ಕೈ ಎತ್ತಿದ, ಖರೀದಿಯವನೂ ಎತ್ತಿದ.

“ಒಂದು ಇಳೀಲಿ,” ಎಂದಳು.

ಖರೀದಿಯವನು ಇಳಿಸಿದ.

ವ್ಯಾನು ಬಂದಾಗ ಒಂದು ಗಂಟೆ ದಾಟಿತ್ತು. ಹನ್ನೆರಡರ ಹೊತ್ತು ಹೋಯಿತು. ಎಂಜಿನಿಯರು ಚಿತಾಗಾರದ ಬಾಗಿಲಲ್ಲೇ ಕೂತು, ಕಾಡಿ ಬೇಡಿ, ಸಂಜೆ ಐದರ ಹೊತ್ತು ಗಿಟ್ಟಿಸಿಕೊಂಡ. ಅಲ್ಲಿಯವರೆಗೆ ಅಮ್ಮ ಒಳಕೋಣೆಯಲ್ಲಿ ಕಾಲನ್ನು ದಿಂಬಿನ ಮೇಲಿಟ್ಟು ನಿದ್ದೆ ಮಾಡಿದಳು. ಕೈ ಎರಡೂ ಹೊದಿಕೆಯ ಒಳಗಿದ್ದವು.